ಶಿಯಾನಿಗೆ ಹೊರಟ ಸ್ವೆಟರು

ನನ್ನ ಸೋದರಮಾವನೊಡನೆ ರೈಲು ಹತ್ತಿದವರು ಒಂದು ಪ್ರಸಂಗವನ್ನಾದರೂ ಕಟ್ಟಿಕೊಂಡೇ ಇಳಿಯುತ್ತಾರೆ ಎಂಬುದು ನಮ್ಮ ಮನೆತನದಲ್ಲಿ ಎಲ್ಲರೂ ಒಪ್ಪಿದ ಮಾತು. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಬುಕಿಂಗ್ ಗುಮಾಸ್ತರಾಗಿ ಮೂವತ್ತು ವರ್ಷ ಕಳೆದ ಅವರ ದೃಷ್ಟಿಯಲ್ಲಿ ಜಗತ್ತಿನ ರೈಲುಗಳೆಲ್ಲ ಒಂದೇ ಇಲಾಖೆಗೆ ಸೇರಿದವು. ಚೀನಾದಲ್ಲಿಯೂ ಆ ನಂಬಿಕೆ ಅವರನ್ನು ಬಿಡಲಿಲ್ಲ. ಆ ಪ್ರವಾಸದಲ್ಲಿ ನಾವಿಬ್ಬರೂ ಬಹಳ ನಕ್ಕೆವು. ನಗು ನಿಂತ ಮೇಲೆ ಏನು ಮಾಡಬೇಕೆಂಬುದು ಮಾತ್ರ ಇಬ್ಬರಿಗೂ ತಿಳಿಯುತ್ತಿರಲಿಲ್ಲ.

೧. ಕೆರೆಯ ಸುತ್ತ

ಡಾಟ್‌ಕಾಮ್ ಕಂಪನಿಗಳು ದಿನಕ್ಕೊಂದು ಹುಟ್ಟುತ್ತಿದ್ದ ಕಾಲ. ಮಾವ ಮತ್ತು ಅತ್ತೆ ಅಮೆರಿಕದ ಫ್ರೀಮಾಂಟಿನಲ್ಲಿ ಮಗಳ ಅಪಾರ್ಟ್‌ಮೆಂಟಿನಲ್ಲಿದ್ದರು. ಕನ್ನಡ ಎಂ.ಎ. ಮುಗಿಸಿದ ನಾನೂ, ಅಲ್ಲಿಯ ಮಕ್ಕಳಿಗೆ ಭಾನುವಾರಗಳಂದು ಕನ್ನಡ ಕಲಿಸಿ ಭಾಷೆಯನ್ನು ಉಳಿಸಿಬಿಡುವ ಉತ್ಸಾಹದಲ್ಲಿ, ಅದೇ ಮನೆಯನ್ನು ಸೇರಿಕೊಂಡಿದ್ದೆ.

ಪಕ್ಕದ ಮನೆಯ ಚೀನೀ ಅಜ್ಜಿಯೂ ನಮ್ಮ ಅತ್ತೆಯೂ ಪ್ರತಿದಿನ ಬೆಳಿಗ್ಗೆ ಕೆರೆಯ ಸುತ್ತ ನಡೆಯುತ್ತಿದ್ದರು. ಅಜ್ಜಿಗೆ ಕನ್ನಡ ಬಾರದು, ಅತ್ತೆಗೆ ಚೀನೀ ಬಾರದು, ಇಬ್ಬರಿಗೂ ಇಂಗ್ಲಿಷ್ ಬಾರದು. ಆದರೂ ಒಂದು ಗಳಿಗೆಯೂ ಮಾತು ನಿಂತದ್ದಿಲ್ಲ.

"ಏನು ಮಾತಾಡ್ತೀರಿ ಅತ್ತೆ?" ಎಂದು ಕೇಳಿದೆ.

"ಅಕಿ ಸೊಸೀ ಬಗ್ಗೆ ಹೇಳ್ತಾಳ, ನಾ ನಿಮ್ಮ ಮಾವನ ಬಗ್ಗೆ ಹೇಳ್ತೀನಿ. ಇಷ್ಟಕ್ಕ ಭಾಷಾ ಯಾಕ ಬೇಕವಾ?"

ಅಜ್ಜಿಯ ತಂಗಿಯೊಬ್ಬಳು ಚೀನಾದ ಶಿಯಾನ್ ನಗರದಲ್ಲಿದ್ದಳು. ಆಕೆಗಾಗಿ ಅತ್ತೆ ಒಂದು ಸ್ವೆಟರು ಹೆಣೆದರು. ಚೀನಾಕ್ಕೆ ಹೋಗಿ ತಾವೇ ತೊಡಿಸಿ ಬರುವುದಾಗಿ ಅಜ್ಜಿಗೆ ಮಾತು ಕೊಟ್ಟರು. ಮಾವ ಟಿಕೆಟುಗಳನ್ನು ಮಾಡಿಸಿದರು. ಅತ್ತೆ ಸ್ವೆಟರನ್ನು ಕಂದು ಬಣ್ಣದ ಸಣ್ಣ ಸೂಟ್‌ಕೇಸಿನಲ್ಲಿಟ್ಟು ಮುಚ್ಚಿದರು. ಹೊರಡಲು ಐದು ವಾರ ಉಳಿದಿರುವಾಗ, ಒಂದು ಮಧ್ಯಾಹ್ನ ಊಟವಾದ ಮೇಲೆ ಮಲಗಿದವರು ಏಳಲಿಲ್ಲ.

ಮಾವ ಪ್ರವಾಸವನ್ನೇ ಬಿಡುವರೆಂದು ನಾವು ತಿಳಿದಿದ್ದೆವು. "ಅಕಿ ಮಾತು ಕೊಟ್ಟಾಳ. ಮುಟ್ಟಸಬೇಕು," ಎಂದರು. ಮಗಳ ಕಂಪನಿ ಷೇರುಪೇಟೆಗೆ ಇಳಿಯುವ ತಿಂಗಳಾದ್ದರಿಂದ ಆಕೆಗೆ ರಜೆ ದೊರೆಯಲಿಲ್ಲ. ಅತ್ತೆಯ ಜಾಗದಲ್ಲಿ ನಾನು ಹೊರಟೆ.

ಮಾವನ ಮನಸ್ಸನ್ನು ಬೇರೆಡೆಗೆ ತಿರುಗಿಸಲು ವಿಮಾನದಲ್ಲಿ ಇತಿಹಾಸ ಹೇಳಿದೆ: ಬಾದಾಮಿ ಚಾಲುಕ್ಯರ ಕಾಲದಲ್ಲಿ ಚೀನೀ ಯಾತ್ರಿಕನೊಬ್ಬ ಅದೇ ಶಿಯಾನಿನಿಂದ ಹೊರಟು ನಮ್ಮ ನಾಡಿಗೆ ಬಂದಿದ್ದ, ಆಗಿನಿಂದ ಹದಿಮೂರು ಶತಮಾನ ಕಳೆದಿವೆ.

ಮಾವ ಗಂಭೀರವಾಗಿ ಕೇಳಿ ಹೇಳಿದರು: "ಹಂಗಾರ ಭಾಳ ದಿನಾ ಆತಲ್ಲ. ಅವರು ಬಂದು ಹೋದ ಮ್ಯಾಲೆ ನಾವೂ ಒಮ್ಮೆ ಹೋಗಬೇಕಿತ್ತು. ಏನ್ ತಿಳಕೊಂಡಾರೋ ಏನೋ!"

೨. ಟಿಕೆಟು

ಶಾಂಘೈಯಿಂದ ಬೀಜಿಂಗಿಗೆ ನಮ್ಮ ಮೊದಲ ರೈಲು. ಮಾವ ಬೋಗಿಯ ಹೊರಗೆ ಹೆಸರುಗಳ ಚಾರ್ಟು ಅಂಟಿಸಿದೆಯೇ ಎಂದು ಎರಡು ಸುತ್ತು ಹುಡುಕಿ, ಇಲ್ಲವೆಂದು ಬೇಸರಪಟ್ಟುಕೊಂಡೇ ಒಳಗೆ ಬಂದರು.

ಅಲ್ಲಿಯ ಪದ್ಧತಿ ಬೇರೆ. ರೈಲು ಹೊರಟ ಕೂಡಲೇ ಬೋಗಿಯ ಮೇಲ್ವಿಚಾರಕಿ ಬಂದು ಪ್ರತಿಯೊಬ್ಬರ ಟಿಕೆಟನ್ನು ತೆಗೆದುಕೊಂಡು ಬದಲಿಗೆ ಒಂದು ಬಿಲ್ಲೆ ಕೊಡುತ್ತಾಳೆ. ಇಳಿಯುವ ಊರು ಹತ್ತಿರವಾದಾಗ ತಾನೇ ಬಂದು ಎಚ್ಚರಿಸಿ, ಬಿಲ್ಲೆ ಪಡೆದು ಟಿಕೆಟು ಮರಳಿಸುತ್ತಾಳೆ. ಮಾವ ಟಿಕೆಟನ್ನು ಎರಡೂ ಕೈಯಿಂದ ಎದೆಗೊತ್ತಿಕೊಂಡರು.

"ಟಿಕೀಟು ನೋಡಬೇಕು, ಪಂಚ್ ಮಾಡಬೇಕು, ತಿರುಗಿ ಕೊಡಬೇಕು. ಇಟ್ಕೊಳ್ಳೂದು ಯಾವ ಕಾಯ್ದೆದಾಗ ಐತಿ?"

ಮೇಲ್ವಿಚಾರಕಿ ನಕ್ಕು ತನ್ನ ಚರ್ಮದ ಪುಸ್ತಕವನ್ನು ಬಿಡಿಸಿ ತೋರಿಸಿದಳು. ಬರ್ತಿಗೊಂದು ಜೇಬು, ಜೇಬಿಗೊಂದು ಅಂಕಿ, ಒಳಗೆ ಒಂದೊಂದು ಟಿಕೆಟು. ಅಷ್ಟು ಶಿಸ್ತನ್ನು ಕಂಡ ಗುಮಾಸ್ತರ ಮನಸ್ಸು ಕರಗಿತು. ಟಿಕೆಟನ್ನು ತಾವೇ ಜೇಬಿಗೆ ಸೇರಿಸಿ, ಅಂಚು ಸರಿಪಡಿಸಿದರು.

ಮರುದಿನ ಬೆಳಿಗ್ಗೆ ಆಕೆ ಬಂದು ಟಿಕೆಟು ಮರಳಿಸಿದಾಗ ಮಾವನಿಗೆ ಪರಮಾಶ್ಚರ್ಯ. "ಎಂಥಾ ಬಂದೋಬಸ್ತು ನೋಡವಾ! ಇಳಿಯೂ ಹೊತ್ತಾತು ಅಂತ ಅರ್ಧಾ ತಾಸು ಮೊದಲ ಬಂದು ಹೇಳ್ತಾರ."

ಟಿಕೆಟನ್ನು ಕಿಸೆಗೆ ಹಾಕಿಕೊಳ್ಳುತ್ತ ಸೇರಿಸಿದರು: "ನಮ್ಮ ಮನ್ಯಾಗ ಯಾರೂ ಹೇಳಲಿಲ್ಲ."

೩. ಪುಡಿ

ಬೀಜಿಂಗಿನಿಂದ ಶಿಯಾನಿಗೆ ಹೊರಟ ಸಂಜೆ. ಬೋಗಿಯ ತುದಿಯಲ್ಲಿ ಕುದಿಯುವ ನೀರಿನ ಹಂಡೆ. ಎಲ್ಲರ ಕೈಯಲ್ಲೂ ಶಾವಿಗೆಯ ಕಾಗದದ ಬಟ್ಟಲು. ನಮ್ಮೆದುರಿನ ಬರ್ತಿನಲ್ಲಿ ಒಬ್ಬ ದಪ್ಪನೆಯ ಗೃಹಸ್ಥ ಶಾವಿಗೆ ತಿನ್ನುತ್ತಿದ್ದ. ಮಾವ ಅದನ್ನು ನೋಡಿ, "ಪಾಪ, ಏನೂ ಹಚ್ಚಿಕೊಳ್ಳದ ತಿನ್ನಾಕತ್ತಾನ," ಎಂದು ಮರುಗಿ, ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದು ಒಂದು ಚಮಚ ಉದುರಿಸಿದರು.

ಗೃಹಸ್ಥ ತಿಂದ. ಕಣ್ಣಲ್ಲಿ ನೀರು ಬಂತು. ಬಟ್ಟಲನ್ನು ಮತ್ತೆ ಚಾಚಿದ. ಆಮೇಲೆ ಅವನ ಹೆಂಡತಿ, ಮೇಲಿನ ಬರ್ತಿನ ವಿದ್ಯಾರ್ಥಿ, ಪಕ್ಕದ ಸಾಲಿನವರು, ಕೊನೆಗೆ ಮೇಲ್ವಿಚಾರಕಿಯೂ ಬಟ್ಟಲು ಹಿಡಿದು ಬಂದರು. ಭಾಷೆಗಳನ್ನು ಮೀರಿದ ಮನುಷ್ಯಬಂಧುತ್ವದ ಕುರಿತು ನಾನು ಟಿಪ್ಪಣಿ ಬರೆದುಕೊಳ್ಳುತ್ತಿದ್ದಾಗ ಚಮಚ ತಳಕ್ಕೆ ತಾಗಿದ ಸದ್ದಾಯಿತು.

ಆಗ ನನಗೆ ಹೊಳೆಯಿತು: ಅತ್ತೆ ಕುಟ್ಟಿದ ಕಡೆಯ ಪುಡಿ ಅದು. ನನ್ನ ಮುಖವನ್ನು ನೋಡಿ ಮಾವ ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ಹಾಕಿದರು.

"ಡಬ್ಬಿ ಖಾಲಿ ಆದ್ರ ಅಕಿ ಎಂದೂ ಬೈದಾಕಿ ಅಲ್ಲ. ಉಳದ್ರ ಬೈತಿದ್ಲು."

೪. ಸರಪಳಿ

ಅದೇ ಸಂಜೆ ಮಾವ ತಮ್ಮ ಹಳೆಯ ರೈಲುಪ್ರಯಾಣದ ಸರಪಳಿಯನ್ನು ತೆಗೆದು, ಕಂದು ಸೂಟ್‌ಕೇಸಿನ ಹಿಡಿಕೆಯೊಳಗಿಂದ ಹಾಯಿಸಿ, ಬರ್ತಿನ ಕಾಲಿಗೆ ಸುತ್ತಿ, ಬೀಗವನ್ನು ಟಕ್ಕನೆ ಒತ್ತಿದ್ದರು. ಚೀನೀಯರು ಸುತ್ತ ನಿಂತು ವಿಸ್ಮಯದಿಂದ ನೋಡಿದ್ದರು.

ಪ್ರಯಾಣದಲ್ಲಿ ಬೀಗ ಒತ್ತುವುದು ಮಾವನ ಕೆಲಸ, ಬೀಗದ ಕೈ ಇಟ್ಟುಕೊಳ್ಳುವುದು ಅತ್ತೆಯ ಕೆಲಸ. ಊರು ಬಂದಾಗ ಮಾವ ಚಾವಿ ಕೇಳಿದರೆ, ಅತ್ತೆ "ನಿಮ್ಮ ಕಿಸೇದಾಗ ನೋಡ್ರಿ" ಎಂದು ಅವರ ಎಲ್ಲ ಕಿಸೆಗಳನ್ನೂ ತಡಕಾಡಿಸಿ, ರೈಲು ನಿಂತ ಮೇಲೆ ನಗುತ್ತ ಬಳೆಗೆ ಸಿಕ್ಕಿಸಿದ ಪಿನ್ನಿನಿಂದ ಬಿಡಿಸಿ ಕೊಡುತ್ತಿದ್ದರು.

ಬೆಳಿಗ್ಗೆ ಮೇಲ್ವಿಚಾರಕಿ ಟಿಕೆಟು ಮರಳಿಸಿದಳು. ಮಾವ ಬಗ್ಗಿ ಸರಪಳಿ ಹಿಡಿದು, ನಾನು ಕುಳಿತಿದ್ದ ಬರ್ತಿನ ಕಡೆ ಕೈ ಚಾಚಿದರು.

"ಏ, ಚಾವಿ ಕೊಡ."

ಚಾಚಿದ ಕೈ ಹಾಗೆಯೇ ಇತ್ತು. ಆಮೇಲೆ ಮಾವ ಒಂದೊಂದಾಗಿ ತಮ್ಮ ಎಲ್ಲ ಕಿಸೆಗಳನ್ನೂ ನೋಡಿಕೊಂಡರು.

ರೈಲು ಶಿಯಾನಿನಲ್ಲಿ ನಿಲ್ಲುವುದು ಸ್ವಲ್ಪವೇ ಹೊತ್ತು. ಅದು ಇನ್ನೂ ಪಶ್ಚಿಮಕ್ಕೆ ಹೋಗಬೇಕು. "ಮಾವ, ಸೂಟ್‌ಕೇಸಿಗೆ ಬೀಗ ಇಲ್ಲವಲ್ಲ. ತೆರೆದು ಸ್ವೆಟರ್ ಮಾತ್ರ ತೆಗೆದುಕೊಂಡು ಇಳಿಯೋಣ," ಎಂದೆ.

"ಬ್ಯಾಡ. ಅಕಿ ಮುಚ್ಚಿದ್ದದು. ನನ್ನ ಕೈಲೆ ತೆಗಿಯೂದು ಆಗೂದಿಲ್ಲ."

ಮೇಲ್ವಿಚಾರಕಿ ಓಡಿಹೋಗಿ ರೈಲಿನ ಮಿಸ್ತ್ರಿಯನ್ನು ಕರೆತಂದಳು. ಅವನು ಗರಗಸ ತಂದ. ಪುಡಿ ತಿಂದವರೆಲ್ಲ ಋಣ ತೀರಿಸಲು ಬಂದರು: ಒಬ್ಬ ಬರ್ತು ಹಿಡಿದ, ಒಬ್ಬ ಸರಪಳಿ ಎಳೆದ, ದಪ್ಪನೆಯ ಗೃಹಸ್ಥ ನೆಲದ ಮೇಲೆ ಮಲಗಿ ಕೊಯ್ದ. "ಹುಬ್ಬಳ್ಳಿ ಸರಪಳಿ ಅದು, ಹಂಗೆಲ್ಲ ಹರಿಯೂದಿಲ್ಲ!" ಎಂದು ಮಾವ ಆತಂಕದ ನಡುವೆಯೂ ಹೆಮ್ಮೆಪಟ್ಟರು. ಸೀಟಿ ಊದುವ ಹೊತ್ತಿಗೆ ಕೊಂಡಿ ತುಂಡಾಯಿತು. ನಮ್ಮಿಬ್ಬರನ್ನೂ ಸೂಟ್‌ಕೇಸನ್ನೂ ಅವರೆಲ್ಲ ಸೇರಿ ಕೆಳಗಿಳಿಸಿದರು.

ಪ್ಲಾಟ್‌ಫಾರಮ್ಮಿನಲ್ಲಿ ಅಜ್ಜಿಯ ತಂಗಿ ಒಂದು ಫೋಟೋ ಹಿಡಿದು ನಿಂತಿದ್ದಳು: ಫ್ರೀಮಾಂಟಿನ ಕೆರೆ, ಅಕ್ಕಪಕ್ಕದಲ್ಲಿ ತನ್ನ ಅಕ್ಕ ಮತ್ತು ನಮ್ಮ ಅತ್ತೆ. ಅಕ್ಕ ಫೋನಿನಲ್ಲಿ ಎಲ್ಲವನ್ನೂ ತಿಳಿಸಿದ್ದಳು. ಆಕೆ ಮಾವನ ಎರಡೂ ಕೈಗಳನ್ನು ಹಿಡಿದುಕೊಂಡಳು. ಮಾವ ಸೂಟ್‌ಕೇಸನ್ನು ಆಕೆಯ ಮುಂದಿಟ್ಟು, ತೆರೆಯುವಂತೆ ಸನ್ನೆ ಮಾಡಿದರು.

ನೀಲಿ ಸ್ವೆಟರು. ಆಕೆ ಅಲ್ಲಿಯೇ ತೊಟ್ಟುಕೊಂಡಳು. ಒಡನೆಯೇ "ಹಾ!" ಎಂದು ಕೊರಳ ಹಿಂಭಾಗವನ್ನು ಮುಟ್ಟಿಕೊಂಡಳು. ಹೆಣಿಗೆಯ ಗುರುತಿಗೆಂದು ಚುಚ್ಚಿ ಮರೆತ ಪಿನ್ನೊಂದು ಅಲ್ಲಿತ್ತು. ಬಿಡಿಸಿ ಮಾವನ ಅಂಗೈಗೆ ಹಾಕಿದಳು. ಅತ್ತೆಯ ಬಳೆಯಲ್ಲಿರುತ್ತಿದ್ದ ಪಿನ್ನೇ ಅದು; ಅದರಲ್ಲಿ ಬೀಗದ ಕೈ ಜೋತಾಡುತ್ತಿತ್ತು.

ನಮ್ಮ ಹಿಂದೆ ರೈಲು ಕದಲಿತು. ಗರಗಸ ಹಿಡಿದ ಗೃಹಸ್ಥ ಕಿಟಕಿಯಿಂದ ಕೈ ಬೀಸುತ್ತಿದ್ದ. ಮಾವ ಅಂಗೈಯನ್ನು ನೋಡಿ ನಗಲಾರಂಭಿಸಿದರು. ಆ ನಗು ಎಲ್ಲಿ ಮುಗಿದು ಅಳು ಎಲ್ಲಿ ಮೊದಲಾಯಿತೆಂದು ನನಗೆ ಗೊತ್ತಾಗಲಿಲ್ಲ. ಅತ್ತೆ ಹೋದ ಮೇಲೆ ಅವರು ಅತ್ತದ್ದು ಅದೇ ಮೊದಲು.

ಕಣ್ಣೊರೆಸಿಕೊಂಡು, ಆ ಸ್ವೆಟರಿನ ಕಡೆಗೇ ಮುಖ ಮಾಡಿ ಅಂದರು:

"ಈ ಸರ್ತಿ ಭಾಳ ಆಡಿಸಿದಿ ನೋಡು."