ಅಮ್ಮನ ಹಾಡೂ ಪ್ರಿಂಟರಿನ ಮುನಿಸೂ

ಕಂಪ್ಯೂಟರ್ ಕೇಳುವ ಪ್ರಶ್ನೆಗಳನ್ನು ಓದಿ ಉತ್ತರ ಕೊಡುವ ಅಭ್ಯಾಸ ನನಗಿಲ್ಲ. ಅದು ಪರದೆಯ ತುಂಬ ಏನೇನೋ ಬರೆದು ಕೊನೆಗೆ ಒಪ್ಪಿಗೆಯೇ ಎನ್ನುತ್ತದೆ, ನಾನು ಒಪ್ಪಿಬಿಡುತ್ತೇನೆ. ಮುಂದಕ್ಕೆ ಹೋಗೋಣವೇ ಎನ್ನುತ್ತದೆ, ಹೋಗೋಣ ಎನ್ನುತ್ತೇನೆ. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಇದು ಕಷ್ಟದ ಕೆಲಸವೇನಲ್ಲ. ಆದರೆ ಹೆಂಡತಿ ಸುಮಾಳದು ಬೇರೆಯೇ ಜಾತಕ. ಮಿಕ್ಸಿ ಕೊಂಡಾಗ ಅದರ ಜೊತೆ ಬಂದ ಪುಸ್ತಕವನ್ನು ಕೊನೆಯ ಪುಟದವರೆಗೆ ಓದಿ, ಆಮೇಲೆ ಚಟ್ನಿಗೆ ಕಾಯಿ ಹಾಕಿದವಳು ಅವಳು. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಆಗಿಹೋದದ್ದನ್ನು ಎಷ್ಟು ಹೊತ್ತು ಬೇಕಾದರೂ ವಿವರಿಸಬಲ್ಲೆ. ಆಗಬೇಕಾದದ್ದನ್ನು ಮಾಡುವುದು ನನ್ನ ವಿಷಯವಲ್ಲ.

ಹೊಸಹಳ್ಳಿಯಲ್ಲಿ ನಾವಿರುವುದು ನೆಲಮಹಡಿಯ ಬಾಡಿಗೆ ಮನೆ. ಮೇಲೆ ಮನೆ ಓನರ್ ನಾಗರತ್ನಮ್ಮನವರು. ಅವರ ಹಾಲ್‌ನಲ್ಲಿ ಪ್ರತಿ ಶುಕ್ರವಾರ ಸಂಜೆ ಹೆಂಗಸರ ಭಜನೆ ನಡೆಯುತ್ತದೆ. ನನ್ನ ಅಮ್ಮ ಸರೋಜಮ್ಮ ಅಲ್ಲಿ ಹಾರ್ಮೋನಿಯಂ ಹಿಡಿದು ಕೂರುವ ಹಿರಿಯ ಸದಸ್ಯೆ. ಜನ್ಮವಿಡೀ ಬೇರೆಯವರ ಹಾಡು ಹಾಡಿಕೊಂಡು ಬಂದ ಅಮ್ಮ ಈ ಸಲ ಸದ್ದಿಲ್ಲದೆ ತಾನೇ ಒಂದನ್ನು ಬರೆದುಬಿಟ್ಟಿದ್ದಳು. ಎಲ್ಲರ ಮನೆಗೂ ಹೋಗಿ ವರ ಕೊಟ್ಟು ಸುಸ್ತಾಗಿದ್ದೀಯೆ ತಾಯೀ, ನಮ್ಮ ಮನೆಯಲ್ಲಿ ಏನೂ ಕೊಡಬೇಡ, ಸ್ವಲ್ಪ ಹೊತ್ತು ಕೂತು ಕಾಲು ಚಾಚಿಕೋ ಎಂದು ದೇವಿಯನ್ನು ಉಪಚರಿಸುವ ಹಾಡು. ಓದಿ ನನಗೆ ಕಣ್ಣು ಮಂಜಾಯಿತು. ಅಮ್ಮನಿಗೆ ಮಾತ್ರ ಅಳುಕು. ದೇವಿಗೆ ಕಾಲು ಚಾಚು ಅಂದರೆ ಭಜನೆಯವರು ನಗುವುದಿಲ್ಲವೇ? ಜೊತೆಗೆ ತನ್ನ ಅಕ್ಷರವೇ ತನಗೆ ಕಾಣುತ್ತಿರಲಿಲ್ಲ. ದಪ್ಪ ಅಕ್ಷರದಲ್ಲಿ ಒಂದು ಪ್ರತಿ ತೆಗೆದುಕೊಡು ಎಂದಳು. ನಾನು ಹೆಮ್ಮೆಯಿಂದ ಹಾಡನ್ನು ಟೈಪ್ ಮಾಡಿ, ಕೆಳಗೆ ‘ರಚನೆ: ಸರೋಜಮ್ಮ’ ಎಂದು ಹಾಕಿದೆ. ಅದನ್ನು ನೋಡಿ ಗಾಬರಿಯಾದ ಅಮ್ಮ, ಹೆಸರು ತೆಗಿ, ನಮ್ಮೂರ ಕಡೆಯ ಹಳೇ ಹಾಡು ಅಂತ ಹೇಳಿಬಿಡ್ತೀನಿ ಎಂದಳು. ಮೊದಲು ಪ್ರಿಂಟ್ ಬರಲಿ, ಆಮೇಲೆ ನೋಡೋಣ ಎಂದೆ.

ಬರಲಿಲ್ಲ. ಹಿಂದಿನ ದಿನ ಕಂಪ್ಯೂಟರ್ ಏನೋ ಅಪ್‌ಡೇಟ್ ಹಾಕಿಕೊಂಡಿತ್ತು, ನಾನೇ ಒಪ್ಪಿಗೆ ಕೊಟ್ಟಿದ್ದೆ. ಅಂದಿನಿಂದ ಅದು ಪ್ರಿಂಟರಿನ ಗುರುತೇ ಇಲ್ಲದಂತೆ ಆಡುತ್ತಿತ್ತು. ಇವೆರಡರ ನಡುವೆ ದುಭಾಷಿಯ ಕೆಲಸ ಮಾಡುವ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತಾರೆ. ಅದನ್ನು ಕಿತ್ತು ಹೊಸದಾಗಿ ಹಾಕಬೇಕು ಎಂದು ವಿಡಿಯೊದಲ್ಲಿ ಒಬ್ಬ ಮಹಾನುಭಾವ ಹೇಳಿದ. ಕಿತ್ತೆ, ಹಾಕಿದೆ. ಕಂಪ್ಯೂಟರ್ ಒಂದಷ್ಟು ಪ್ರಶ್ನೆ ಕೇಳಿತು, ಎಲ್ಲಕ್ಕೂ ಹೂಂ ಎಂದೆ. ಆಮೇಲೆ ಪ್ರಿಂಟ್ ಒತ್ತಿದರೆ ‘ಮುದ್ರಣವಾಯಿತು’ ಎಂದು ತೋರಿಸುತ್ತದೆ, ಸ್ಟೂಲಿನ ಮೇಲಿನ ಪ್ರಿಂಟರ್ ಮಾತ್ರ ಮುನಿಸಿಕೊಂಡ ಬೀಗರ ಹಾಗೆ ತೆಪ್ಪಗೆ ಕೂತಿರುತ್ತದೆ. ಮತ್ತೆ ಒತ್ತಿದೆ. ಆಫ್ ಮಾಡಿ ಆನ್ ಮಾಡಿ ಒತ್ತಿದೆ. ಅಮ್ಮ ದೇವರ ಮನೆಯಿಂದ ಒಂದು ಸೇವಂತಿಗೆ ತಂದು ಅದರ ತಲೆಯ ಮೇಲಿಟ್ಟಳು, ಆಮೇಲೂ ಒತ್ತಿದೆ. ಮಾರನೆಯ ದಿನವೂ ಇದೇ ಸೇವೆ. ಆರ್‌ಪಿಸಿ ಲೇಔಟಿನ ಜೆರಾಕ್ಸ್ ಅಂಗಡಿಗೆ ಹೋಗಿಬನ್ನಿ ಎಂದಳು ಸುಮಾ. ಮನೆಯಲ್ಲೇ ಪ್ರಿಂಟರ್ ಇಟ್ಟುಕೊಂಡು ಅಂಗಡಿಗೆ ಹೋಗುವುದೇ ಎಂದು ಬಿಗುಮಾನ ತೋರಿಸಿದೆ. ಶುಕ್ರವಾರ ಮಧ್ಯಾಹ್ನ ಬಿಗುಮಾನ ಇಳಿದು ಅಲ್ಲಿಗೆ ಹೋದಾಗ ಶಟರ್ ಎಳೆದಿತ್ತು.

ಬರಿಗೈಲಿ ಬಂದ ನನ್ನನ್ನು ಅಮ್ಮ ಬೈಯಲಿಲ್ಲ. “ಬಿಡೋ, ಬೇರೆ ಹಾಡು ಹೇಳ್ತೀನಿ. ಅದೇನೂ ಅಷ್ಟು ಚೆನ್ನಾಗಿರ್ಲಿಲ್ಲ,” ಎಂದಳು. ಬೈದಿದ್ದರೇ ವಾಸಿಯಿತ್ತು. ಸಂಜೆ ಅಪರಾಧಿಯಂತೆ ಹಾರ್ಮೋನಿಯಂ ಹೊತ್ತುಕೊಂಡು ಅವಳ ಹಿಂದೆ ಮೆಟ್ಟಿಲು ಹತ್ತಿದೆ.

ಹಾಲ್‌ನಲ್ಲಿ ಎಲ್ಲರೂ ಆಗಲೇ ಕೂತಿದ್ದರು. ಪ್ರತಿಯೊಬ್ಬರ ಮಡಿಲಲ್ಲೂ ಒಂದೊಂದು ಹಾಳೆ. ಗೋಡೆಗೊರಗಿದವರಿಗೂ ಕಾಣುವಷ್ಟು ದಪ್ಪ ಅಕ್ಷರ. ಕೆಳಗೆ ಅಷ್ಟೇ ದಪ್ಪಗೆ, ರಚನೆ: ಸರೋಜಮ್ಮ.

“ಬನ್ನಿ ಬನ್ನಿ,” ಎಂದರು ನಾಗರತ್ನಮ್ಮ. “ಇಷ್ಟು ಚೆನ್ನಾಗಿ ಬರೀತೀರ ಅಂತ ಒಂದು ಮಾತೂ ಹೇಳ್ಲಿಲ್ಲವಲ್ಲ ಸರೋಜಮ್ಮ. ಎರಡು ದಿನದಿಂದ ನಮ್ಮ ಪ್ರಿಂಟರಲ್ಲಿ ಬರ್ತಾನೇ ಇದೆ. ಎಲ್ಲರಿಗೂ ಆಗ್ಲಿ ಅಂತ ಕಳಿಸ್ತಿದೀರೇನೋ ಅಂದ್ಕೊಂಡ್ವಿ. ಪೇಪರ್ ಖಾಲಿಯಾಯ್ತು, ಇವ್ರು ಇನ್ನೊಂದು ಕಟ್ಟು ತಂದು ಹಾಕಿದ್ರು.”

ನನ್ನ ಬುದ್ಧಿಗೆ ಆಗ ಹೊಳೆಯಿತು. ನಮಗೂ ಅವರಿಗೂ ಒಂದೇ ವೈಫೈ. ಓನರ್ ಕನೆಕ್ಷನ್ ತೆಗೆದುಕೊಂಡು ಬಾಡಿಗೆಯವರಿಗೂ ಪಾಸ್‌ವರ್ಡ್ ಕೊಡುವುದು ನಮ್ಮ ಬೀದಿಯ ಸಂಪ್ರದಾಯ. ಪ್ರಿಂಟರೂ ಒಂದೇ ಥರದ್ದು. ಅವರ ಯಜಮಾನರೂ ನಾನೂ ರಾಜಾಜಿನಗರಕ್ಕೆ ಜೊತೆಯಲ್ಲಿ ಹೋಗಿ ತಂದದ್ದು. ಡ್ರೈವರ್ ಹಾಕುವಾಗ ಕಂಪ್ಯೂಟರ್ ಎರಡನ್ನೂ ತೋರಿಸಿ ಯಾವುದು ಎಂದು ಕೇಳಿರಬೇಕು. ನಾನು ಹೂಂ ಎಂದಿದ್ದೆ.

ಅಮ್ಮ ಒಮ್ಮೆ ನನ್ನ ಕಡೆ ನೋಡಿದಳು. ನಾನು ಚಪ್ಪಲಿ ಸ್ಟ್ಯಾಂಡ್ ನೋಡಿದೆ. ಹಳೇ ಹಾಡು ಎಂದು ಹೇಳುವ ದಾರಿ ಉಳಿದಿರಲಿಲ್ಲ. ಅವಳು ಕೂತು, ಕನ್ನಡಕ ಸರಿಮಾಡಿಕೊಂಡು, ಹಾಡಿದಳು. ಮೊದಲ ಸಾಲಿಗೆ ದನಿ ನಡುಗಿತು. ಎರಡನೆಯ ಸಾಲಿಗೆ ಎಲ್ಲರೂ ಸೇರಿಕೊಂಡರು. ಕಾಲು ಚಾಚಿಕೋ ತಾಯೀ ಎಂಬಲ್ಲಿಗೆ ಬಂದಾಗ ಯಾರೂ ನಗಲಿಲ್ಲ. ಮಂಡಿ ನೋವಿನಿಂದ ಕುರ್ಚಿಯಲ್ಲಿ ಕೂತಿದ್ದ ಅಜ್ಜಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡು, ಆ ಸಾಲು ಇನ್ನೊಂದು ಸಲ ಹೇಳಿ ಎಂದರು. ಬಾಗಿಲಲ್ಲಿ ನಿಂತಿದ್ದ ನನಗೆ ಆದ ಸಂತೋಷಕ್ಕೆ ಲೆಕ್ಕವಿರಲಿಲ್ಲ.

ಶನಿವಾರ ಸುಮಾ ಕಂಪ್ಯೂಟರ್ ಮುಂದೆ ಕೂತು, ಪರದೆಯ ಮೇಲಿದ್ದುದನ್ನೆಲ್ಲ ಓದಿ, ಮೇಲಿನ ಮನೆಯ ಪ್ರಿಂಟರನ್ನು ಪಟ್ಟಿಯಿಂದ ತೆಗೆದುಹಾಕಿದಳು. ಕಾಫಿ ಆರುವುದರೊಳಗೆ ನಮ್ಮ ಪ್ರಿಂಟರ್ ಗೊರಗೊರ ಎಂದು ಹಾಳೆ ಉಗುಳಿತು. ನಾನು ಅದನ್ನು ಅಮ್ಮನ ಕೈಗಿಟ್ಟೆ. ಅವಳು ಹಿಂದೆ ಮುಂದೆ ತಿರುಗಿಸಿ ನೋಡಿದಳು, ಮುಖ ಅರಳಲಿಲ್ಲ.

“ಇಲ್ಲಿ ಬಂದ್ರೆ ಏನು ಬಂತು? ನಾನೇ ಹೋಗಿ, ಹಾಡು ಬರ್ದಿದೀನಿ ನೋಡಿ ಅಂತ ಕೊಡ್ಬೇಕಲ್ಲೋ. ನೀನು ಮೊದ್ಲು ಮಾಡಿದ್ಯಲ್ಲ, ಹಾಗೇ ಮಾಡು. ಇನ್ನೊಂದು ಬರೆದಿದೀನಿ,” ಎಂದಳು.

ಬೆಳಗಿನಿಂದ ಅದೇ ಪ್ರಯತ್ನದಲ್ಲಿದ್ದೇನೆ. ಕಿತ್ತೆ, ಹಾಕಿದೆ, ಎಲ್ಲಕ್ಕೂ ಹೂಂ ಎಂದೆ. ಏನು ಒತ್ತಿದರೂ ಹಾಳಾದ್ದು ನಮ್ಮ ಮನೆಯಲ್ಲೇ ಬರುತ್ತಿದೆ.