ಪೀಣ್ಯದ ಲೇತ್ ಯಂತ್ರಕ್ಕೆ ಮೀನುಗಾರಿಕೆ ನಿಷೇಧ ಅನ್ವಯಿಸುವ ಬಗ್ಗೆ

ಕಡಲ ಕೊಡುಗೆ ಮಾಪನ ನಿರ್ದೇಶನಾಲಯ
(ಕಡಲಿಲ್ಲದ ಜಿಲ್ಲೆಗಳ ವಿಭಾಗ)

ಸಂಖ್ಯೆ: ಕಕೊಮಾನಿ/ಒಣ/07/2025-26
ದಿನಾಂಕ: 24-06-2025

ಸುತ್ತೋಲೆ

ವಿಷಯ: ಪೀಣ್ಯ ಎರಡನೇ ಹಂತದ ಟರ್ನರ್ (ಲೇತ್ ಕೆಲಸಗಾರ) ಶ್ರೀ ಮುತ್ತಣ್ಣ ಅವರನ್ನು ಸಮುದ್ರದಿಂದ ಕೈಬಿಡುವ ಕುರಿತು.

ಉಲ್ಲೇಖ: 1) ‘ಶೂನ್ಯ ವರದಿ ಸ್ವೀಕರಿಸತಕ್ಕದ್ದಲ್ಲ’ ಎಂಬ ಈ ಕಚೇರಿಯ ಆದೇಶ.
2) ಸದರಿಯವರ ಪತ್ನಿ ಶ್ರೀಮತಿ ಸವಿತಾ ಅವರ ನಲವತ್ತೊಂದು ನಿಮಿಷಗಳ ದೂರವಾಣಿ ಕರೆ.

ದೇಶದ ಆರ್ಥಿಕತೆಗೆ ಸಮುದ್ರದ ಕೊಡುಗೆ ಎಷ್ಟೆಂದು ಅಳೆಯುವ ಸಮೀಕ್ಷೆ ನಡೆದಿರುವುದು ಸರಿಯಷ್ಟೆ. ಸಮುದ್ರವೇ ಇಲ್ಲ ಎಂಬ ಕ್ಷುಲ್ಲಕ ಕಾರಣ ನೀಡಿ ಯಾವ ಪ್ರದೇಶವೂ ನುಣುಚಿಕೊಳ್ಳುವಂತಿಲ್ಲ. ಅದರಂತೆ ಗಣತಿದಾರರಾದ ಶ್ರೀಮತಿ ಶೈಲಾ ಅವರು ಪೀಣ್ಯದಲ್ಲಿ ಮೂರು ದಿನ ಸಮುದ್ರವನ್ನು ಹುಡುಕಿದರು. ಮೊದಲ ದಿನ ಒಂದು ಬಾಡಿಗೆ ಕೋಣೆಯಲ್ಲಿ ಒಣಮೀನಿನ ವಾಸನೆ ಮಾತ್ರ ದೊರೆಯಿತು. ಮೀನನ್ನು ಗಣತಿಗೆ ಮುನ್ನವೇ ತಿಂದು ಮುಗಿಸಲಾಗಿತ್ತು. ಎರಡನೇ ದಿನ ದೊರೆತ ಶಂಖ ಪ್ಲಾಸ್ಟಿಕ್ಕಿನದು. ಮೂರನೇ ದಿನ ಶ್ರೀ ಗೋಪಾಲಪ್ಪ ಅವರ ಲೇತ್ ಶೆಡ್ಡಿನಲ್ಲಿ, ಮೀನು ಹಿಡಿಯುವ ದೋಣಿಯ ಇಂಜಿನ್ನಿಗೆ ಹಿತ್ತಾಳೆ ಬುಶ್ (ಬಳೆಯಂಥ ಬಿಡಿಭಾಗ) ತಯಾರಿಸುತ್ತಿದ್ದ ಶ್ರೀ ಮುತ್ತಣ್ಣ ಪತ್ತೆಯಾದರು.

1. ಬೇರೆ ಯಾರೂ ಸಿಗದ ಕಾರಣ, ಪೀಣ್ಯದ ಪೂರ್ಣ ಸಮುದ್ರ ಸದರಿಯವರೊಬ್ಬರೇ ಎಂದು ಈ ಮೂಲಕ ದಾಖಲಿಸಲಾಗಿದೆ.

2. ಸಮುದ್ರದ ಪಟ್ಟಿಯಲ್ಲಿರುವವರು ಮೀನುಗಳು ಮರಿ ಮಾಡುವ ಮಳೆಗಾಲದಲ್ಲಿ, ಅಂದರೆ ಜೂನ್ 1ರಿಂದ ಜುಲೈ 31ರವರೆಗೆ, ಕೆಲಸ ಮಾಡತಕ್ಕದ್ದಲ್ಲ. ಆದ್ದರಿಂದ ಜೂನ್ 1ರಂದು ಸದರಿ ಲೇತ್ ಯಂತ್ರಕ್ಕೆ ಮೊಹರು ಹಾಕಲಾಯಿತು. ಯಂತ್ರವನ್ನು ತಣಿಸುವ ನೀರಿನ ತೊಟ್ಟಿಯಲ್ಲಿ ಇದುವರೆಗೆ ಯಾವ ಮೀನೂ ಮೊಟ್ಟೆ ಇಟ್ಟಿಲ್ಲ ಎಂಬ ಶ್ರೀ ಗೋಪಾಲಪ್ಪ ಅವರ ವಾದವನ್ನು ಪರಿಶೀಲಿಸಿ, ಎರಡು ದಿನ ಕಾವಲು ಕೂರಿಸಲಾಯಿತು. ಮೀನು ಕಂಡುಬರಲಿಲ್ಲ. ಆದರೆ ಮೀನುಗಳಿಗೆ ಸಂಕೋಚ ಹೆಚ್ಚು.

3. ಶ್ರೀ ಮುತ್ತಣ್ಣ ಅವರ ಹೇಳಿಕೆಯನ್ನು ಇದ್ದಂತೆಯೇ ದಾಖಲಿಸಲಾಗಿದೆ: “ಸಾಹೇಬ್ರ, ನಾ ಸಮುದ್ರಾನ ನೋಡಿಲ್ರೀ. ನಮ್ಮೂರ ಕೆರಿ ನೋಡೇನಿ, ಅದರಾಗ ಎಮ್ಮಿ ಅದಾವ. ಎರಡ್ ತಿಂಗಳ ನಾ ಕುಂತ್ರ ಗೋಪಾಲಪ್ಪಾರು ಬ್ಯಾರೆ ಟರ್ನರ್‌ನ ತಗೋತಾರ್ರೀ. ಹನ್ನೆರಡ ವರ್ಷದ ನನ್ನ ಮಶೀನ್ ಹೋಗ್ತದ.” ಎಮ್ಮೆಗಳ ವಿವರವನ್ನು ಸಂಬಂಧಪಟ್ಟ ಇಲಾಖೆಗೆ ಕಳುಹಿಸಲಾಗಿದೆ.

4. ಸಮುದ್ರವನ್ನೇ ನೋಡದವರನ್ನು ಪಟ್ಟಿಯಿಂದ ಕೈಬಿಡಲು ಅವಕಾಶವಿದೆ. ಅದಕ್ಕೆ ‘ಸಮುದ್ರ ನೋಡಿಲ್ಲ’ ಎಂಬ ಪ್ರಮಾಣಪತ್ರ ಬೇಕು. ಅದನ್ನು ನಮ್ಮ ಕರಾವಳಿ ಉಪಕಚೇರಿಯಲ್ಲಿ ಖುದ್ದಾಗಿ ಹಾಜರಾಗಿ ಪಡೆಯತಕ್ಕದ್ದು. ಸದರಿ ಕಚೇರಿ ಸಮುದ್ರದ ದಡದಲ್ಲೇ ಇದೆ.

5. ಆದಕಾರಣ ಅರ್ಜಿದಾರರು ಘಾಟಿಯ ಕೊನೆಯ ತಿರುವಿನಿಂದಲೇ ಕಣ್ಣಿಗೆ ದಪ್ಪ ಟವೆಲ್ ಕಟ್ಟಿಕೊಂಡಿರತಕ್ಕದ್ದು. ಅಲೆಯ ಸದ್ದು ಕೇಳಿದರೆ ಅಡ್ಡಿಯಿಲ್ಲ. ಜೊತೆಗೆ ಬಂದವರು ವರ್ಣನೆ ಮಾಡುವಂತಿಲ್ಲ. ಇದರಂತೆ ಟವೆಲ್ ಕಟ್ಟಿಕೊಂಡು ಬಂದ ಶ್ರೀ ಮುತ್ತಣ್ಣ ಅವರನ್ನು ಕೈಹಿಡಿದು ಕರೆತಂದ ಶ್ರೀಮತಿ ಸವಿತಾ ಅವರು “ಅಯ್ಯ ಶಿವನ, ಎಷ್ಟ್ ದೊಡ್ಡದೈತ್ರೀ!” ಎಂದಿದ್ದು, “ಎಷ್ಟೈತೇ?” ಎಂದು ಅರ್ಜಿದಾರರು ಕೇಳಿದ್ದು, “ಸುಮ್ಕ ನಡೀರಿ, ಹೇಳಿದ್ರ ಸರ್ಟಿಫಿಕೇಟ್ ಹೋಗ್ತದ” ಎಂದು ಅವರೇ ಗದರಿದ್ದು ಎಲ್ಲವನ್ನೂ ಉಪಕಚೇರಿಯ ಕಾವಲುಗಾರರು ಬರೆದುಕೊಂಡಿದ್ದಾರೆ.

6. ಪ್ರಮಾಣಪತ್ರ ನೀಡಲಾಯಿತು. ನಿನ್ನೆ ಮೊಹರು ತೆಗೆದು ಶ್ರೀ ಮುತ್ತಣ್ಣ ಅವರಿಗೆ ಲೇತ್ ಯಂತ್ರವನ್ನು ಮರಳಿಸಲಾಗಿದೆ.

7. ಇದರಿಂದ ಪೀಣ್ಯದ ಸಮುದ್ರ ಶೂನ್ಯವಾಯಿತು. ಶೂನ್ಯ ವರದಿ ಸ್ವೀಕಾರಾರ್ಹವಲ್ಲ (ಉಲ್ಲೇಖ 1). ಪೀಣ್ಯದ ನಿವಾಸಿಗಳ ಪೈಕಿ ಶ್ರೀಮತಿ ಸವಿತಾ ಅವರು ಸಮುದ್ರವನ್ನು ಏಳು ನಿಮಿಷ, ಬಾಯಿ ತೆರೆದು, ನೋಡಿರುವುದು ದಾಖಲೆಯಲ್ಲಿದೆ. ಆದ್ದರಿಂದ ಅವರನ್ನೇ ಪೀಣ್ಯದ ಸಮುದ್ರವೆಂದು ಘೋಷಿಸಿ, ಜುಲೈ 31ರವರೆಗೆ ಅಡುಗೆ, ಪಾತ್ರೆ, ಬಟ್ಟೆ ಸೇರಿದಂತೆ ಯಾವ ಕೆಲಸವನ್ನೂ ಮಾಡದಂತೆ ನಿಷೇಧಿಸಲಾಗಿದೆ. ಒಲೆಗೆ ಮೊಹರು ಹಾಕಲು ಹೋದ ಸಿಬ್ಬಂದಿಗೆ ಅವರು ಕೊಟ್ಟ ಹೇಳಿಕೆ: “ಒಲಿಗ್ಯಾಕ್ರೀ? ಅವ್ರು ರೊಟ್ಟಿ ಬಡೀಬೇಕಲ್ಲ. ನನಗ ಹಾಕ್ರಿ ಮೊಹರು. ಮುಂದಿನ ವರ್ಷಾನೂ ಸಮುದ್ರ ನೋಡಾಕ ನಾನ ಹೊಕ್ಕೇನಿ.”

ಸಹಿ/-
(ಶಿವಶಂಕರ್)
ಉಪನಿರ್ದೇಶಕರು (ಒಣ)

ಪ್ರತಿಗಳು:
1. ಶ್ರೀ ಗೋಪಾಲಪ್ಪ: ತೊಟ್ಟಿಯಲ್ಲಿ ಮೀನು ಕಂಡಲ್ಲಿ ಕೂಡಲೇ ತಿಳಿಸಲು.
2. ಶ್ರೀಮತಿ ಸವಿತಾ: ವಿಶ್ರಾಂತಿಗಾಗಿ.
3. ಶ್ರೀ ಮುತ್ತಣ್ಣ: ರೊಟ್ಟಿ ಸಂಬಂಧ ತುರ್ತು ಕ್ರಮಕ್ಕಾಗಿ. ಟವೆಲ್ ಲಗತ್ತಿಸಿದೆ. ಅದರಲ್ಲಿ ಬಲಗಣ್ಣಿನ ನೇರಕ್ಕೆ ಆರು ಮಿಲಿಮೀಟರಿನ ಒಂದು ತೂತು, ನುರಿತ ಟರ್ನರ್ ಕೈ ಕೊರೆದಷ್ಟು ದುಂಡಗೆ ಇದೆ. ಪೀಣ್ಯಕ್ಕೆ ಒಂದು ಸಮುದ್ರ ಸಾಕಾಗಿರುವುದರಿಂದ, ಸದರಿ ತೂತನ್ನು ಈ ಕಚೇರಿ ಗಮನಿಸಿರುವುದಿಲ್ಲ.
4. ಕಚೇರಿ ಪ್ರತಿ.