ಮೂವತ್ತನೆಯ ತೋಳು

ಬೆಳಿಗ್ಗೆ ಒಂಬತ್ತಕ್ಕೆ ಪೆಲಿಕನ್ ಪೀಕ್ ಕಾಲೇಜಿನ ಗಾಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದರು: ಇಂದು ಸಂಜೆ ಐದಕ್ಕೆ ಕಾಲೇಜು ಶಾಶ್ವತವಾಗಿ ಮುಚ್ಚುತ್ತದೆ, ತಮ್ಮ ಸಹಕಾರಕ್ಕೆ ವಂದನೆಗಳು. ವೆಂಡೆಲ್ ಟಕೆಟ್ ಅದನ್ನು ಮೂರು ಸಲ ಓದಿದ. ಬಾಗಿಲು ತಪ್ಪಿ ಬಂದೆನೇನೋ ಎಂದು ಪಕ್ಕದ ಕ್ಷೌರದಂಗಡಿಯ ಬೋರ್ಡನ್ನೂ ನೋಡಿದ. ಬಾಗಿಲು ಸರಿಯಾಗಿಯೇ ಇತ್ತು.

ಡೇಟನ್ ಊರಿನ ಟೈರ್ ಕಾರ್ಖಾನೆಯಲ್ಲಿ ಕೆಲಸ ಹೋದ ಮೇಲೆ, ನಲವತ್ತೇಳನೆಯ ವಯಸ್ಸಿನಲ್ಲಿ, ಇಪ್ಪತ್ತಾರು ಸಾವಿರ ಡಾಲರ್ ಸರ್ಕಾರಿ ಸಾಲ ಎತ್ತಿ ಅವನು ಇಲ್ಲಿ ರಕ್ತ ತೆಗೆಯುವ ವಿದ್ಯೆ ಕಲಿಯುತ್ತಿದ್ದ. ಮೂವತ್ತು ಜನರ ತೋಳಿನಿಂದ ಸರಿಯಾಗಿ ರಕ್ತ ತೆಗೆದು ತೋರಿಸಿದರೆ ಸರ್ಟಿಫಿಕೇಟು. ಇಪ್ಪತ್ತೇಳಾಗಿತ್ತು, ಮೂರು ಬಾಕಿ. ಸರ್ಟಿಫಿಕೇಟಿಲ್ಲದೆ ಬರೀ ಸಾಲ ಹೊತ್ತುಕೊಂಡು ಮನೆಗೆ ಹೋದರೆ ಹೆಂಡತಿ ಮೇವಿಸ್ ಏನೆನ್ನುತ್ತಾಳೆ ಎಂದು ನೆನೆದೇ ಅವನಿಗೆ ಬೆವರು ಕಿತ್ತುಕೊಂಡಿತು.

ಈ ಕಾಲೇಜು ನಡೆಸುವ ಕಂಪನಿಯನ್ನು ಸುಮ್ಮನೆ ಬೈಯಲು ನನಗೆ ಮನಸ್ಸಿಲ್ಲ. ಮನೆಮನೆಗೆ ಹೋಗಿ ಕಾರ್ಪೆಟ್ ಮಾರುತ್ತಿದ್ದ ಮನುಷ್ಯ ಹನ್ನೆರಡೇ ವರ್ಷದಲ್ಲಿ ತೊಂಬತ್ತೆರಡು ಕಾಲೇಜು ಎಬ್ಬಿಸುವುದೆಂದರೆ ಹುಡುಗಾಟವೇ? ಷೇರು ಪೇಟೆಯವರು ಅವನನ್ನು ತಲೆಯ ಮೇಲೆ ಹೊತ್ತು ಮೆರೆದರು. ಒಂದು ದಿನ ಸಿನಿಮಾ ಥಿಯೇಟರಿನಲ್ಲಿ ಪಾಪ್‌ಕಾರ್ನ್ ಮಾರಿದ ವಿದ್ಯಾರ್ಥಿಯನ್ನೂ ‘ಉದ್ಯೋಗ ಸಿಕ್ಕವರ’ ಪಟ್ಟಿಗೆ ಸೇರಿಸುತ್ತಿದ್ದ ಅವನ ಧೈರ್ಯಕ್ಕೆ ಮೆಚ್ಚಬೇಕು. ಸರ್ಕಾರ ಮಾತ್ರ ಮೆಚ್ಚಲಿಲ್ಲ. ಸಾಲದ ಹಣ ನಿಲ್ಲಿಸಿತು, ಬಾಗಿಲಿಗೆ ಹಾಳೆ ಬಂತು.

ಆದರೆ ನಿಜವಾಗಿ ಕೈ ಮುಗಿಯಬೇಕಾದದ್ದು ಮಿಸೆಸ್ ಕ್ರಂಪ್ ಅವರಿಗೆ. ಸೈನ್ಯದಲ್ಲಿ ನರ್ಸ್ ಆಗಿದ್ದು ಬಂದ ಅಧ್ಯಾಪಕಿ. ಉಳಿದ ಮೇಷ್ಟ್ರುಗಳೆಲ್ಲ ಹತ್ತು ಗಂಟೆಗೇ ಜಾಗ ಖಾಲಿ ಮಾಡಿದ್ದರು. ಇವರು ಮಾತ್ರ ಬಿಳಿ ಕೋಟು ತೊಟ್ಟು, ಮೇಜಿಲ್ಲದ ಕೋಣೆಯಲ್ಲಿ ರಿಜಿಸ್ಟರನ್ನು ಎದೆಗವಚಿಕೊಂಡು ನಿಂತಿದ್ದರು.

"ಮೇಡಂ, ಹೇಗೂ ಎಲ್ಲ ಮುಳುಗಿಹೋಯ್ತು. ಮೂರೂ ಆಯ್ತು ಅಂತ ಸಹಿ ಹಾಕ್ಬಿಡಿ" ಎಂದ ವೆಂಡೆಲ್.

"ಕಂಪನಿ ಮುಳುಗಿದೆ, ನಾನು ಮುಳುಗಿಲ್ಲ. ತೋಳು ತಗೊಂಡ್ಬಾ, ಸಹಿ ಹಾಕ್ತೀನಿ. ಸೂಜಿ ಮೂರೇ ಉಳಿದಿರೋದು, ಒಂದೂ ತಪ್ಪೋ ಹಾಗಿಲ್ಲ."

ವೆಂಡೆಲ್ ಕ್ಷೌರದಂಗಡಿಗೆ ಓಡಿದ. ಕ್ಷೌರಿಕ ಎಲ್‌ರಾಯ್‌ಗೆ ಊರಿನ ಉಸಾಬರಿಯೆಲ್ಲ ತನ್ನದೇ. ಅರ್ಧ ಕತ್ತರಿಸಿದ ತಲೆಯ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಹೊರಟ. "ಅಯ್ಯೋ, ಇಷ್ಟೇನಾ! ಇಪ್ಪತ್ತು ವರ್ಷದಿಂದ ಕತ್ತಿ ಹಿಡಿದಿರೋನು ಕಣಯ್ಯಾ ನಾನು. ರಕ್ತ ಅಂದ್ರೆ ನನಗೆ ನೀರು!"

ಸೂಜಿಯ ಮುಚ್ಚಳ ತೆಗೆದದ್ದೇ ತಡ, ಎಲ್‌ರಾಯ್ ಗೋಣಿಚೀಲದಂತೆ ನೆಲಕ್ಕೆ ಕುಸಿದ.

"ಚುಚ್ಚೋಕೆ ಮುಂಚೆ ಬಿದ್ರೆ ಲೆಕ್ಕಕ್ಕಿಲ್ಲ" ಎಂದರು ಮಿಸೆಸ್ ಕ್ರಂಪ್, ಅವನ ಕಾಲನ್ನು ಎತ್ತಿ ಹಿಡಿಯುತ್ತ.

ಕಣ್ಣು ಬಿಟ್ಟ ಎಲ್‌ರಾಯ್ ಮಲಗಿದಲ್ಲಿಂದಲೇ ತೋಳು ಚಾಚಿದ. "ಇನ್ನು ಬೀಳೋಕೆ ಜಾಗ ಎಲ್ಲಿದೆ? ಚುಚ್ಚೋ ಮಾರಾಯಾ!" ವೆಂಡೆಲ್ ನೆಲದ ಮೇಲೆ ಬೋರಲಾಗಿ ಮಲಗಿ ರಕ್ತ ತೆಗೆದ. ಇಪ್ಪತ್ತೆಂಟು.

ಅಷ್ಟರಲ್ಲಿ, ಬೆಳಿಗ್ಗೆ ಮೇಜು ಒಯ್ದಿದ್ದ ಸಾಮಾನು ಸಾಗಿಸುವವರು ಮತ್ತೆ ಬಂದರು. ರಕ್ತ ತೆಗೆಯುವ ಕುರ್ಚಿಯನ್ನೇ ಎತ್ತಲು ಹೊರಟ ದಢೂತಿ ಆಳಿಗೆ ವೆಂಡೆಲ್ ಅಡ್ಡ ನಿಂತ.

"ಈ ಕುರ್ಚಿ ಬಿಡಲ್ಲ."

"ನಂಗೆ ಕುರ್ಚಿ ಬೇಕು, ನಿಂಗೇನಪ್ಪಾ ಬೇಕು?"

"ನಿನ್ನ ತೋಳು!"

ಆಳು ಒಂದು ಗಳಿಗೆ ಯೋಚಿಸಿ ಕೂತೇಬಿಟ್ಟ. ಹಗ್ಗದಂಥ ನರ, ಅರ್ಧ ನಿಮಿಷದ ಕೆಲಸ. ಇಪ್ಪತ್ತೊಂಬತ್ತು. ತೋಳಿಗೆ ಪಟ್ಟಿ ಹಾಕಿಸಿಕೊಂಡವನೇ ಕುರ್ಚಿ ಹೊತ್ತುಕೊಂಡು ಹೋದ.

ಆಮೇಲೆ ಶುರುವಾಯಿತು ಬರಗಾಲ. ಎಲ್‌ರಾಯ್ ಬಿದ್ದ ಸುದ್ದಿಯನ್ನು ಎಲ್‌ರಾಯನೇ ಅಂಗಡಿ ಅಂಗಡಿಗೆ ಹೋಗಿ ಬಣ್ಣಿಸಿದ್ದ. ಹೇಳುತ್ತ ಹೇಳುತ್ತ ಒಂದು ಸೀಸೆ ರಕ್ತ ಒಂದು ಬಕೆಟ್ ಆಗಿತ್ತು. ವೆಂಡೆಲ್‌ನನ್ನು ಕಂಡರೆ ಲಾಂಡ್ರಿಯವರು ತೋಳು ಮುಚ್ಚಿಕೊಂಡರು, ಪಿಜ್ಜಾದವನು ಷಟರ್ ಎಳೆದ. ನಾಲ್ಕೂವರೆ ಆಯಿತು. ವೆಂಡೆಲ್‌ಗೆ ಅಳು ಬಂತು. ಅತ್ತೂ ಬಿಟ್ಟ.

ನಾಲ್ಕು ನಲವತ್ತಕ್ಕೆ ಸಹಪಾಠಿ ರಸ್ಟಿ ಬಂದ. ವರ್ಷವಿಡೀ ಹಿಂದಿನ ಸಾಲಿನಲ್ಲಿ ಗೊರಕೆ ಹೊಡೆದವನು, ಅವನ ಲೆಕ್ಕ ನಾಲ್ಕು ತೋಳು ದಾಟಿರಲಿಲ್ಲ. ಕಾಲೇಜಿನ ಮೈಕ್ರೋವೇವ್ ಎತ್ತಿಕೊಂಡು ಹೋಗುವ ಹಂಚಿಕೆಯಲ್ಲಿದ್ದ.

"ರಸ್ಟಿ, ನಿನ್ನ ಕಾಲಿಗೆ ಬೀಳ್ತೀನಿ, ತೋಳು ಕೊಡೋ!"

"ತಗೋ ಗುರುವೇ. ಮೈಕ್ರೋವೇವ್ ಕಾರಿಗೆ ಹಾಕೋಕೆ ನೀನೊಂದು ಕೈ ಹಾಕು."

ಅವನ ತೋಳು ತುಂಬ ಹಚ್ಚೆಯ ಡ್ರ್ಯಾಗನ್. ನರ ಎಲ್ಲಿ, ಬಾಲ ಎಲ್ಲಿ ಎಂದು ತಿಳಿಯುವಂತಿರಲಿಲ್ಲ. ಉಳಿದದ್ದು ಒಂದೇ ಸೂಜಿ. ವೆಂಡೆಲ್ ಕಣ್ಣು ಮುಚ್ಚಿ, ಮಿಸೆಸ್ ಕ್ರಂಪ್ ಕಲಿಸಿದಂತೆ ಬೆರಳ ತುದಿಯಿಂದ ತಡವಿದ. ಟೈರಿನ ರಬ್ಬರಿನಲ್ಲಿ ಗಾಳಿಗುಳ್ಳೆ ಹುಡುಕಿ ಇಪ್ಪತ್ತೈದು ವರ್ಷ ಪಳಗಿದ ಬೆರಳು ಅದು. ಡ್ರ್ಯಾಗನ್ನಿನ ಹೊಟ್ಟೆಯ ಕೆಳಗೆ ನರ ಬೆರಳಿಗೆ ಸಿಕ್ಕಿತು. ಚುಚ್ಚಿದ. ಸೀಸೆ ಕೆಂಪಗೆ ತುಂಬಿತು. ರಸ್ಟಿಗೆ ಚುಚ್ಚಿದ್ದೇ ಗೊತ್ತಾಗಲಿಲ್ಲ.

ನಾಲ್ಕು ಐವತ್ತೆರಡಕ್ಕೆ ಮಿಸೆಸ್ ಕ್ರಂಪ್ ಸಹಿ ಹಾಕಿ, ಸರ್ಟಿಫಿಕೇಟು ಕೊಟ್ಟು, ವೆಂಡೆಲ್‌ನನ್ನು ತಬ್ಬಿಕೊಂಡರು. ಬಾಗಿಲಲ್ಲಿ ಇಣುಕುತ್ತಿದ್ದ ಎಲ್‌ರಾಯ್ ಸಿಳ್ಳೆ ಹೊಡೆದ.

ಐದಕ್ಕೆ ಸರಿಯಾಗಿ ಸರ್ಕಾರದ ಕಡೆಯ ಹೆಂಗಸೊಬ್ಬಳು ಫಾರ್ಮುಗಳ ಕಟ್ಟು ಹಿಡಿದು ಬಂದಳು. "ಯಾರೂ ಗಾಬರಿಯಾಗ್ಬೇಡಿ. ಕೋರ್ಸು ಮುಗಿಯೋ ಮುಂಚೆ ಕಾಲೇಜು ಮುಚ್ಚಿದ್ರೆ ವಿದ್ಯಾರ್ಥಿಗಳ ಪೂರ್ತಿ ಸಾಲ ಮನ್ನಾ. ಇಲ್ಲಿ ಸಹಿ ಹಾಕಿದ್ರಾಯ್ತು."

ರಸ್ಟಿ ಮೈಕ್ರೋವೇವ್ ಸಮೇತ ಕುಣಿದ. ವೆಂಡೆಲ್ ಕೈಯಲ್ಲಿದ್ದ ಸರ್ಟಿಫಿಕೇಟನ್ನೊಮ್ಮೆ ನೋಡಿಕೊಂಡ. "ಮುಗಿಸಿದವರಿಗೆ?"

"ಮುಗಿಸಿದವರಿಗೆ ಯಾಕೆ? ಅವರಿಗೆ ವಿದ್ಯೆ ಬಂತಲ್ಲ. ಅವರು ಸಾಲ ತೀರಿಸ್ಬೇಕು."

ವೆಂಡೆಲ್ ಸರ್ಟಿಫಿಕೇಟನ್ನು ಬೆನ್ನ ಹಿಂದೆ ಅಡಗಿಸಿ, ಮಿಸೆಸ್ ಕ್ರಂಪ್ ಕಿವಿಯಲ್ಲಿ ಗೋಗರೆದ. "ಮೇಡಂ, ಕೊನೇದು ಸರಿಯಾಗ್ಲಿಲ್ಲ ಅಂತ ಹೇಳಿ. ಒಂದು ಹನಿ ಚೆಲ್ಲಿತು ಅಂತಾದ್ರೂ ಹೇಳಿ!"

ಮಿಸೆಸ್ ಕ್ರಂಪ್ ಕಣ್ಣಲ್ಲಿ ನೀರು ತುಂಬಿತು. ಎಂಥ ವಿನಯ! ಅವನ ಭುಜ ಹಿಡಿದು ಮುಂದಕ್ಕೆ ತಳ್ಳಿದರು.

"ಚೆಲ್ಲೋದಾ? ನೋಡಿ ಅಮ್ಮಾ, ಮೂವತ್ತಕ್ಕೆ ಮೂವತ್ತು! ತೊಂಬತ್ತೆರಡು ಕಾಲೇಜಲ್ಲಿ ಹುಡುಕಿದ್ರೂ ಇಂಥ ಕೈ ಸಿಗಲ್ಲ. ಮುಗಿಸಿದೋನು ಇವನೊಬ್ಬನೇ. ವೆಂಡೆಲ್ ಟಕೆಟ್ ಅಂತ ದೊಡ್ಡದಾಗಿ ಬರ್ಕೊಳ್ಳಿ!"

ಆಕೆ ದೊಡ್ಡದಾಗಿಯೇ ಬರೆದುಕೊಂಡಳು.